ಹದಿನೈದು ಪರ್ಸೆಂಟು ಬೆನ್ನು

ಅಪ್ಪ ಒಂದು ಪೆನ್ನು ಎತ್ತಿಕೊಟ್ಟ. ಅಷ್ಟಕ್ಕೇ ಅವನ ಬೆನ್ನು ವಾಸಿಯಾಗಿದೆ ಎಂದು ಬರೆದರು.

ಶಾಂತಕುಮಾರಿ ಅದನ್ನು ಕಣ್ಣಾರೆ ಕಂಡಿದ್ದಳು. ಎರಡು ಸಾವಿರದ ಇಸವಿ, ಮಾರ್ಚ್ ತಿಂಗಳು. ಅವಳಿಗೆ ಆಗ ಹದಿನೈದು. ಮರ್ಫಿಟೌನಿನ ಮನೆಯಿಂದ ಮಿಲಿಟರಿ ಆಸ್ಪತ್ರೆಗೆ ಅಪ್ಪ ಚಿಕ್ಕಮುನಿಯಪ್ಪನ ಜೊತೆ ಹೋಗಿದ್ದಳು, ಸ್ಕೂಲಿನ ಯೂನಿಫಾರಮ್ಮಿನಲ್ಲೇ. ಅಪ್ಪನಿಗೆ ಬೂಟಿನ ಲೇಸು ಬಿಚ್ಚಿ ಕಟ್ಟಲು ಯಾರಾದರೂ ಬೇಕಿತ್ತು. ಏಳು ವರ್ಷದಿಂದ ಅವನು ತನ್ನ ಪಾದವನ್ನು ತಾನು ಮುಟ್ಟಿರಲಿಲ್ಲ. ಅವನ ಕಾಲು ತೊಳೆಯುವುದು, ಉಗುರು ಕತ್ತರಿಸುವುದು, ಲೇಸು ಕಟ್ಟುವುದು ಎಲ್ಲ ಮಗಳ ಕೆಲಸ.

ಸೈನ್ಯದಿಂದ ಮನೆಗೆ ಕಳಿಸುವಾಗ ಡಾಕ್ಟರುಗಳ ಬೋರ್ಡು ಕೂತು ಅವನ ಬೆನ್ನನ್ನು ನೋಡಿ ನಲವತ್ತು ಪರ್ಸೆಂಟು ಎಂದಿತ್ತು. ನೂರರಲ್ಲಿ ನಲವತ್ತು ಪಾಲು ಹಾಳಾಗಿದೆ ಎಂದು ಅರ್ಥ. ಎರಡು ವರ್ಷದ ಮೇಲೆ ಮತ್ತೆ ಕರೆದು ಮೂವತ್ತು ಎಂದರು. ಈಗ ಮತ್ತೆ ಕರೆದಿದ್ದರು. ಅಪ್ಪನಿಗೆ ಹದಿನೈದು ವರ್ಷ ಸರ್ವೀಸು ತುಂಬಿರಲಿಲ್ಲ, ಬೇರೆ ಪಿಂಚಣಿ ಇರಲಿಲ್ಲ. ಈ ಬೆನ್ನಿನ ಪಿಂಚಣಿಯಲ್ಲೇ ಮನೆ ನಡೆಯುತ್ತಿತ್ತು.

ಡಾಕ್ಟರು ಚಿಕ್ಕ ವಯಸ್ಸಿನವರು. ಬಗ್ಗು ಎಂದರು. ಅಪ್ಪ ಬಗ್ಗಿದ. ಕೈ ಮಂಡಿಯ ತನಕ ಬಂದು ನಿಂತಿತು. ಇನ್ನೂ ಎಂದರು. ಹೋಗಲಿಲ್ಲ. ಸರಿ, ಅಂಗಿ ಹಾಕಿಕೋ ಎಂದು ಕೈಯಲ್ಲೇ ಹೇಳಿ ಬರೆಯಲು ಕೂತರು. ಬರೆಯುತ್ತ ಬರೆಯುತ್ತ ಪೆನ್ನು ಕೆಳಕ್ಕೆ ಬಿಟ್ಟರು. ಅದು ತಾನಾಗಿ ಬೀಳಲಿಲ್ಲ. ಎರಡು ಬೆರಳು ಬೇಕೆಂದೇ ಬಿಡಿಸಿಕೊಂಡಿದ್ದನ್ನು ಬಾಗಿಲ ಬಳಿ ನಿಂತಿದ್ದ ಶಾಂತಕುಮಾರಿ ನೋಡಿದಳು.

ಅವಳ ಕಾಲೇ ಮೊದಲು ಒಂದು ಹೆಜ್ಜೆ ಮುಂದೆ ಹೋಯಿತು. ಅಷ್ಟರಲ್ಲಿ ಅಪ್ಪ ಮೇಜಿನ ಕಾಲು ಹಿಡಿದು, ಮಂಡಿ ಮಡಚಿ, ಉಸಿರು ಬಿಗಿಹಿಡಿದು ಕೆಳಕ್ಕೆ ಇಳಿದಿದ್ದ. ಪೆನ್ನು ಎತ್ತಿದ. ಅಂಗಿಯ ಚುಂಗಿನಲ್ಲಿ ಒರೆಸಿದ. ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಹನ್ನೆರಡು ವರ್ಷ ಅವನು ಸೈನ್ಯದಲ್ಲಿ ಸಫಾಯಿವಾಲಾ. ಬೇರೆಯವರು ಬಿಟ್ಟಿದ್ದನ್ನು ಎತ್ತುವುದೇ ಅವನ ಟ್ರೇಡು. ಅವನ ಅಪ್ಪ ದಂಡಿನ ಬಂಗಲೆಗಳಲ್ಲಿ ಅದನ್ನೇ ಮಾಡಿದ್ದ. ಅವನ ತಾತನೂ. ಏನಾದರೂ ಕೆಳಗೆ ಬಿದ್ದರೆ ತಲೆಗಿಂತ ಮೊದಲು ಅವರ ಕೈ ಹೋಗುತ್ತಿತ್ತು.

"ಶಾಬಾಶ್" ಎಂದರು ಡಾಕ್ಟರು. "ಕೈಸಾ ಹೈ, ಜವಾನ್?"

ಅಪ್ಪನ ಹಿಮ್ಮಡಿ ಒಂದಕ್ಕೊಂದು ತಾಗಿತು. "ಠೀಕ್ ಹೈ, ಸಾಬ್."

ಶಾಂತಕುಮಾರಿ ಬಾಗಿಲಲ್ಲಿ ನಿಂತು ನಕ್ಕಿದ್ದಳು. ಡಾಕ್ಟರಿಗೆ ಅಪ್ಪ ಇಷ್ಟವಾದ ಎಂದುಕೊಂಡಿದ್ದಳು. ಆ ನಗು ಅವಳ ಗಂಟಲಲ್ಲಿ ಇವತ್ತಿಗೂ ಮುಳ್ಳಿನ ಹಾಗೆ ಇದೆ.

ಮನೆಗೆ ಬಂದ ಅಪ್ಪ ಹನ್ನೊಂದು ದಿನ ಚಾಪೆ ಬಿಟ್ಟು ಏಳಲಿಲ್ಲ. ಅಮ್ಮ ಆದಿಲಕ್ಷ್ಮಿ ಅವನನ್ನು ಹೊರಳಿಸಿ ಹೊರಳಿಸಿ ಬೆನ್ನಿಗೆ ಬಿಸಿ ಉಪ್ಪಿನ ಗಂಟು ಇಟ್ಟಳು. ಮೂರು ತಿಂಗಳ ಮೇಲೆ ಕಾಗದ ಬಂತು. ರೋಗಿ ತಾನೇ ಬಗ್ಗಿ ನೆಲದ ವಸ್ತು ಎತ್ತುತ್ತಾನೆ. ತೊಂದರೆ ಏನೂ ಇಲ್ಲವೆಂದು ತಾನೇ ಹೇಳಿದ್ದಾನೆ. ಹದಿನೈದು ಪರ್ಸೆಂಟು.

ಇಪ್ಪತ್ತಕ್ಕಿಂತ ಕೆಳಗಾದರೆ ಪಿಂಚಣಿ ಇಲ್ಲ. ಆ ತಿಂಗಳಿಂದಲೇ ನಿಂತಿತು.

ಅಪ್ಪ ಇಂದಿರಾನಗರದ ಅಪಾರ್ಟ್‌ಮೆಂಟೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ. ನಾಲ್ಕನೇ ದಿನ ಮೆಟ್ಟಿಲ ಮೇಲೆ ಪೊರಕೆ ಹಿಡಿದವನು ಹಾಗೇ ಕೂತುಬಿಟ್ಟ, ಏಳಲಾಗಲಿಲ್ಲ. ಐದನೇ ದಿನದಿಂದ ಅದೇ ಪೊರಕೆಯನ್ನು ಶಾಂತಕುಮಾರಿ ಹಿಡಿದಳು. ಒಂಬತ್ತನೇ ಕ್ಲಾಸಿನ ಪುಸ್ತಕಗಳನ್ನು ಅಮ್ಮ ಟ್ರಂಕಿನಲ್ಲಿ ಇಟ್ಟಳು, ಮುಂದಿನ ವರ್ಷಕ್ಕೆ ಎಂದು. ಆ ಮುಂದಿನ ವರ್ಷ ಬರಲಿಲ್ಲ.

ಐದು ಮನೆಯ ಬಾತ್‌ರೂಮು, ಮೂರು ಮಹಡಿಯ ಮೆಟ್ಟಿಲು. ಆಸಿಡ್ಡಿನ ಹೊಗೆಗೆ ಕಣ್ಣು ಉರಿಯುತ್ತಿತ್ತು. ಬೆರಳ ತುದಿಯ ಗೆರೆಗಳು ಸವೆದು ನುಣ್ಣಗಾದವು. ಎರಡನೇ ಮಹಡಿಯ ಅಮ್ಮಾವ್ರು ತಲೆ ಬಾಚುವಾಗ ಕ್ಲಿಪ್ಪು ಬಿದ್ದರೆ ಕಾಲ ಹೆಬ್ಬೆರಳಲ್ಲಿ ತೋರಿಸುತ್ತಿದ್ದರು. ಇವಳು ಎತ್ತಿಕೊಡುತ್ತಿದ್ದಳು. ಮಾತಾಡುತ್ತಿರಲಿಲ್ಲ. ಮಾತು ಅವಳಿಗೆ ಮೊದಲಿಂದಲೂ ಕಡಿಮೆ. ನೋಡುತ್ತಿದ್ದಳು ಅಷ್ಟೆ. ಯಾರು ಬಿಡುತ್ತಾರೆ, ಯಾರು ಎತ್ತುತ್ತಾರೆ.

ಶಿವಾಜಿನಗರದಲ್ಲಿ ಜೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಶಕೀಲಾ ಕೂರುತ್ತಿದ್ದಳು. ಅರ್ಜಿ, ಅಫಿಡವಿಟ್ಟು, ತಲಾಖಿನ ಕಾಗದ, ಎಲ್ಲ ಟೈಪು ಮಾಡುವಳು. ಅಪ್ಪನ ಅಪೀಲನ್ನು ಟೈಪು ಮಾಡಿಕೊಟ್ಟವಳು ಅವಳೇ. ಜವಾಬು ಬರಲು ಮೂರು ವರ್ಷ ಹಿಡಿಯಿತು. ಶಾಂತಕುಮಾರಿ ಕೆಲಸ ಮುಗಿಸಿ, ಆಸಿಡ್ ವಾಸನೆಯ ಕೈಯಲ್ಲೇ ಆ ಲಕೋಟೆ ತಂದಳು.

ಶಕೀಲಾ ಓದಿದಳು. "ಒಂದು, ಹದಿನೈದು ಪರ್ಸೆಂಟೇ ಸರಿ ಅಂತಾರೆ. ಎರಡು..." ಕನ್ನಡಕ ತೆಗೆದು ಒರೆಸಿದಳು.

"ಎರಡು ಏನಕ್ಕಾ?"

"ಹಳೇ ಫೈಲ್ ತೆಗ್ಸಿ ನೋಡಿದಾರೆ. ನಿಮ್ಮಪ್ಪ ಬಿದ್ದಿದ್ದು ಡ್ಯೂಟಿ ಮೇಲಲ್ಲ ಅಂತೆ. ಸ್ವಂತಕ್ಕೆ ಸಂಡಾಸ್‌ಗೆ ಹೋಗ್ವಾಗ ಜಾರಿ ಬಿದ್ದ ಅಂತ ಆವಾಗ್ಲೇ ಬರ್ದಿಟ್ಟಿದಾರೆ. ಅದಕ್ಕೂ ಸರ್ವೀಸ್‌ಗೂ ಸಂಬಂಧ ಇಲ್ಲ ಅಂತೆ."

"ಮತ್ತೆ ಅಷ್ಟು ವರ್ಷ ಕೊಟ್ರಲ್ಲ?"

"ಕೊಡೋವಾಗ ಫೈಲ್ ನೋಡಲ್ಲ ಕಣಮ್ಮಾ. ಕೇಳಿದ್ರೆ ನೋಡ್ತಾರೆ." ಶಕೀಲಾ ಕಾಗದ ತಿರುಗಿಸಿದಳು. "ಕೆಳಗೆ ನಿಮ್ಮಪ್ಪಂದೇ ಸೈನ್ ಇದೆ ಅಂತಾನೂ ಬರ್ದಿದಾರೆ."

ಮನೆಗೆ ಬಂದು ಅಪ್ಪನನ್ನು ಕೇಳಿದಳು. ಅದುವರೆಗೂ ಅವನು ಬಿದ್ದ ಕಥೆಯನ್ನು ಯಾರಿಗೂ ಪೂರ್ತಿ ಹೇಳಿರಲಿಲ್ಲ. ಹಿಮದಲ್ಲಿ ಜಾರಿದೆ ಎಂದಷ್ಟೇ ಹೇಳುತ್ತಿದ್ದ. ಅಮ್ಮನಿಗೂ ಅಷ್ಟೇ ಗೊತ್ತಿದ್ದುದು. ಅವನು ಗೋಡೆಗೆ ಒರಗಿ, ಎದುರು ಗೋಡೆಯ ಕಡೆಗೇ ನೋಡುತ್ತ ಹೇಳಿದ.

ಹದಿನಾಲ್ಕು ಸಾವಿರ ಅಡಿ ಎತ್ತರದ ಪೋಸ್ಟು. ಅಲ್ಲಿ ಎಲ್ಲವೂ ಗಡ್ಡೆಯಾಗುತ್ತದೆ, ಸಂಡಾಸಿನ ಡಬ್ಬದಲ್ಲಿ ಇರುವುದೂ. ಬೆಳಿಗ್ಗೆ ಅದನ್ನು ಹಾರೆಯಿಂದ ಒಡೆಯಬೇಕು. ಚೂರು ಮುಖಕ್ಕೆ ಹಾರುತ್ತದೆ. ಅರ್ಧಕ್ಕೆ ಕತ್ತರಿಸಿದ ಡ್ರಮ್ಮಿಗೆ ತುಂಬಿ, ಬೆನ್ನಿಗೆ ಬಿಗಿದುಕೊಂಡು, ಇಳಿಜಾರಿನಲ್ಲಿ ಇಳಿದು ಗುಂಡಿಗೆ ಸುರಿಯಬೇಕು. ಇಬ್ಬರ ಕೆಲಸ. ಇನ್ನೊಬ್ಬ ರಜೆಯ ಮೇಲೆ ಹೋಗಿದ್ದ. ಹಿಂದಿನ ದಿನವೆಲ್ಲ ಹಿಮ ಬಿದ್ದಿತ್ತು. ಹಗ್ಗ ಕಟ್ಟಿಸಿ ಸಾಬ್, ಆಮೇಲೆ ಇಳೀತೀನಿ ಎಂದಿದ್ದ ಅಪ್ಪ. ದೊಡ್ಡ ಸಾಹೇಬರು ಪೋಸ್ಟು ನೋಡಲು ಬರುತ್ತಿದ್ದಾರೆ, ಮೊದಲು ಸಂಡಾಸು ಕ್ಲೀನಾಗಲಿ ಎಂದರು ಪೋಸ್ಟಿನ ಸಾಹೇಬರು.

ಇಳಿದ. ಜಾರಿದ. ಡ್ರಮ್ಮು ಅವನ ಮೇಲೆ, ಅವನು ಬಂಡೆಯ ಮೇಲೆ.

"ಕೂಗ್ದೆ" ಎಂದ ಅಪ್ಪ. "ಬಂದ್ರು. ಮೇಲೆ ನಿಂತ್ಕೊಂಡು ನೋಡಿದ್ರು. ಮೈ ತುಂಬ ಅದೇ ಇತ್ತಲ್ಲ. ಯಾರು ಮುಟ್ತಾರೆ? ಇನ್ನೊಂದು ಕಂಪನಿಯಿಂದ ಅವರ ಸಫಾಯಿವಾಲನ್ನ ಕರೆಸೋವರ್ಗೂ ನಾನು ಅಲ್ಲೇ ಇದ್ದೆ. ಎರಡು ಗಂಟೆ."

ಅಮ್ಮ ಒಲೆಯ ಮುಂದೆ ಕೂತಿದ್ದಳು. ಚಪಾತಿ ಸೀಯುತ್ತಿತ್ತು. ಅವಳು ತಿರುವಿ ಹಾಕಲಿಲ್ಲ.

"ಸೈನ್ ಯಾಕಪ್ಪಾ ಹಾಕ್ದೆ?"

"ಕತ್ತಿಂದ ಸೊಂಟದ ತನಕ ಪ್ಲಾಸ್ಟರು. ಇಂಗ್ಲೀಷ್ ಕಾಗದ. ಹಾಕು ಅಂದ್ರು, ಹಾಕ್ದೆ." ಮತ್ತೆ ಹೇಳಿದ: "ಡ್ಯೂಟಿ ಅಂತ ಬರೆದ್ರೆ, ಹಗ್ಗ ಇಲ್ದೆ ಯಾರು ಕಳ್ಸಿದ್ದು ಅಂತ ಕೇಳ್ತಾರಲ್ಲ. ಅದಕ್ಕೇ ಇರ್ಬೇಕು."

ಶಕೀಲಾ ಎರಡನೇ ಅಪೀಲು ಟೈಪು ಮಾಡಿದಳು. ಅವನು ಸಂಡಾಸಿಗೆ ಹೋದದ್ದು ಸ್ವಂತಕ್ಕಲ್ಲ, ಅದನ್ನು ಹೊರುವುದಕ್ಕೆ, ಅದಕ್ಕೇ ಅವನನ್ನು ಭರ್ತಿ ಮಾಡಿಕೊಂಡದ್ದು ಎಂದು ಬರೆದಳು. ಆ ಸಾಲಿನ ಕೆಳಗೆ ಗೆರೆ ಎಳೆಯಲು ಬರುವಂತೆ ಟೈಪ್‌ರೈಟರಿನ ಕ್ಯಾರೇಜನ್ನು ಹಿಂದಕ್ಕೆ ಸರಿಸಿ, ಟಕ ಟಕ ಟಕ ಎಂದು ಉದ್ದಕ್ಕೂ ಹೊಡೆದಳು. ಒಂದು ವರ್ಷಕ್ಕೆ ಅಪೀಲು ಬೋರ್ಡಿನಿಂದ ಕರೆ ಬಂತು. ಎರಡು ಸಾವಿರದ ನಾಲ್ಕು, ಜುಲೈ ಒಂಬತ್ತು. ಇದೇ ಕೊನೆ, ಇದಾದ ಮೇಲೆ ಕೋರ್ಟೇ ಎಂದಳು ಶಕೀಲಾ.

ಅಮ್ಮ ಅಪ್ಪನಿಗೆ ಟ್ರೈನಿಂಗು ಶುರು ಮಾಡಿದಳು. ಸೆರಗನ್ನು ತಲೆಗೆ ಪೇಟದ ಹಾಗೆ ಸುತ್ತಿಕೊಂಡು, ಲಟ್ಟಣಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಲ್ಲುವಳು.

"ಏನಯ್ಯಾ ಜವಾನ, ಕೈಸಾ ಹೈ?"

"ಠೀಕ್ ಹೈ, ಸಾಬ್."

"ನಿನ್ನ ಬಾಯಿಗೆ ಮಣ್ಣಾಕ. ನನ್ನ ಹತ್ರ ದಿನಾ ಅಯ್ಯೋ ಅಮ್ಮಾ ಅಂತ ನರಳ್ತೀಯ. ಸಾಬ್ ಅಂದ ತಕ್ಷಣ ಠೀಕ್ ಹೈ. ದರ್ದ್ ಹೈ ಅನ್ನು."

"ಬರಲ್ಲ ಕಣೇ. ಬಾಯೇ ಹೊರಳಲ್ಲ. ಹಂಗಂದ್ರೆ ಹನ್ನೆರಡು ವರ್ಷ ಬಿಡ್ತಿದ್ರಾ? ಕೆಲ್ಸಗಳ್ಳ ಅಂತ ಹೊಡೀತಿದ್ರು."

"ಈಗ ಹೊಡೆಯೋಳು ನಾನೇ. ಅನ್ನು."

ಮಾತು ಹೇಗೋ ಹೊರಳಿತು. ಕೈಯೇ ಕಷ್ಟ. ಅಮ್ಮ ಮಾತಾಡುತ್ತಲೇ ಚಮಚ ಕೆಳಗೆ ಬಿಡುವಳು. ಅಪ್ಪನ ಭುಜ ತಟಕ್ಕನೆ ಇಳಿಯುವುದು. ಲೋಟ ಬಿಡುವಳು, ಬಾಚಣಿಗೆ ಬಿಡುವಳು, ಬೀಗದಕೈ ಬಿಡುವಳು. ಎತ್ತಬೇಡ, ಎತ್ತಬೇಡ ಎಂದು ಶಾಂತಕುಮಾರಿ ಹಿಂದಿನಿಂದ ಹೇಳುವಳು. ವಾರವಿಡೀ ಮನೆಯಲ್ಲಿ ಬಿದ್ದದ್ದನ್ನು ಎತ್ತಬಾರದೆಂಬ ಕಾನೂನು. ನೆಲದ ತುಂಬ ಸಾಮಾನು. ಅಪ್ಪ ಅವುಗಳ ನಡುವೆ ತನ್ನ ಎರಡೂ ಕೈಯ ಮೇಲೆ ತಾನೇ ಕೂತಿದ್ದ. ಪಕ್ಕದ ಮನೆಯ ದೊಡ್ಡಮುನಿಯಮ್ಮ ಇಣುಕಿ, "ಏನ್ ಆದಿಲಕ್ಷ್ಮಿ, ಗಂಡ ಹೆಂಡ್ತಿ ಜಗಳನಾ? ಪಾತ್ರೆಗೆಲ್ಲಾ ಹಾರಾಡಕ್ಕೆ ಬಂದೈತೆ" ಎಂದಳು. ಅಮ್ಮ ನಕ್ಕಳು. ಅಪ್ಪನೂ ನಕ್ಕ. ನಗುವಾಗಲೂ ಅವನ ಕಣ್ಣು ನೆಲದ ಮೇಲಿನ ಚಮಚವನ್ನೇ ನೋಡುತ್ತಿತ್ತು.

ಜುಲೈ ಒಂಬತ್ತು. ಬೆಳಿಗ್ಗೆ ಏಳಕ್ಕೇ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತರು. ಪಕ್ಕದಲ್ಲಿ ಬುರ್ಖಾ ಹಾಕಿದ ಕಮರುನ್ನೀಸಾ ಎಂಬಾಕೆ, ಗಂಡನ ಕೈ ಹಿಡಿದುಕೊಂಡಿದ್ದಳು. ಅವಳ ಗಂಡ ಮಿಲಿಟರಿ ಲಾರಿ ಓಡಿಸುತ್ತಿದ್ದವನು. ಸಿಡಿಮದ್ದಿನ ಸದ್ದಿಗೆ ಎರಡೂ ಕಿವಿ ಹೋಗಿದ್ದವು.

"ಹೋದ ಸಲ ಹಿಂದಿಂದ ಮೆತ್ತಗೆ ಕರ್ದ್ರಂತೆ ಇವ್ರನ್ನ" ಎಂದಳು ಕಮರುನ್ನೀಸಾ. "ಗೋಡೆ ಮೇಲೆ ನೆರಳು ಆಡಿದ್ದು ನೋಡಿ ಇವ್ರು ತಿರುಗಿದ್ರು. ಕಿವಿ ಕೇಳ್ಸುತ್ತೆ ಅಂತ ಬರೆದ್ಬಿಟ್ರು. ಹನ್ನೊಂದು ಪರ್ಸೆಂಟ್. ಈ ಸಲ ಕಣ್ಣು ಮುಚ್ಕೊಂಡು ಹೋಗಿ ಅಂದಿದೀನಿ. ಆಮೇಲೆ ಕಣ್ಣೂ ಇಲ್ಲ ಅಂತ ಅದಕ್ಕೊಂದು ಪರ್ಸೆಂಟ್ ಕೊಟ್ರೂ ಕೊಟ್ರು."

ಅವಳು ನಕ್ಕಳು. ಅವಳ ಗಂಡ, ಯಾಕೆ ನಗುತ್ತಿದ್ದಾರೆ ಎಂದು ಎಲ್ಲರ ಮುಖ ನೋಡಿದ, ತಾನೂ ನಕ್ಕ.

ಹನ್ನೊಂದೂವರೆಗೆ ಅಪ್ಪನ ಹೆಸರು ಕೂಗಿದರು. ಮಗಳನ್ನು ಬಾಗಿಲಲ್ಲೇ ತಡೆದರು. ಬೂಟು ಬಿಚ್ಚು ಎಂದಾಗ ಅಪ್ಪ ಸುಮ್ಮನೆ ನಿಂತ. ಆಗ ಅವಳನ್ನು ಒಳಗೆ ಬಿಟ್ಟರು.

ಮೂವರು ಕೂತಿದ್ದರು. ನಡುವೆ ಕರ್ನಲ್ ಸಾಹೇಬರು, ನರೆತ ಮೀಸೆ, ಚೆನ್ನಾಗಿ ಇಸ್ತ್ರಿ ಮಾಡಿದ ತೋಳು. ಗೋಡೆಯ ಹತ್ತಿರ ಖಾಕಿ ಅಂಗಿಯ ಮುದುಕ ವಾರ್ಡಿನ ಸಫಾಯಿಯವನು ಬಕೆಟ್ಟು ಹಿಡಿದು ನಿಂತಿದ್ದ.

"ಕೈಸಾ ಹೈ, ಜವಾನ್?"

ಅಪ್ಪನ ಬಾಯಿ ಠೀ ಎನ್ನಲು ಹೋಗಿ ನಿಂತಿತು.

"ದರ್ದ್ ಹೈ, ಸಾಬ್."

ಬಗ್ಗಿಸಿದರು. ಕೈ ಮಂಡಿಯಲ್ಲೇ ನಿಂತಿತು. ಟೇಪು ಹಿಡಿದು ಬೆರಳಿಂದ ನೆಲಕ್ಕೆ ಎಷ್ಟು ದೂರ ಎಂದು ಅಳೆದರು, ಅಂಗಡಿಯಲ್ಲಿ ಬಟ್ಟೆ ಅಳೆದ ಹಾಗೆ. ಮಲಗಿಸಿ ಕಾಲು ಎತ್ತಿದರು. ಅಪ್ಪ ಕೂಗಲಿಲ್ಲ. ಅವನ ಕಾಲ್ಬೆರಳು ಒಂದರ ಮೇಲೊಂದು ಮುರುಟಿಕೊಂಡವು. ಅದನ್ನು ಮಗಳು ನೋಡಿದಳು. ಅವರಲ್ಲಿ ಯಾರೂ ಅವನ ಕಾಲ್ಬೆರಳನ್ನು ನೋಡುತ್ತಿರಲಿಲ್ಲ.

ಅಪ್ಪ ಕುರ್ಚಿಯಲ್ಲಿ ಕೂತ. ಅವಳು ನೆಲದ ಮೇಲೆ ಕೂತು ಬೂಟು ತೊಡಿಸಿ ಲೇಸು ಕಟ್ಟತೊಡಗಿದಳು. ಮೇಲೆ ಅವರು ಇಂಗ್ಲಿಷಿನಲ್ಲಿ ಮಾತಾಡಿದರು. ಅವಳಿಗೆ ತಿಳಿಯಲಿಲ್ಲ. ಆದರೆ ಎಣಿಕೆ ಬರುತ್ತಿತ್ತು. ಒಬ್ಬರು ಥರ್ಟಿ ಎಂದರು. ಕರ್ನಲ್ ಫೈಲಿನ ಹಳೆಯ ಹಾಳೆ ತೋರಿಸಿದರು. ಆ ಹಾಳೆಯ ಕೆಳಗೆ ಅಪ್ಪನ ಸೊಟ್ಟ ಸಹಿ ಕಾಣುತ್ತಿತ್ತು. ಲ್ಯಾಟ್ರಿನ್ ಎಂಬ ಮಾತು ಎರಡು ಸಲ ಕೇಳಿಸಿತು. ಎರಡನೇ ಸಲ ಯಾರೋ ಸಣ್ಣಗೆ ನಕ್ಕರು. ಮತ್ತೆ ಕರ್ನಲ್ ಹೇಳಿದರು, "ನೈನ್ಟೀನ್."

ಹತ್ತೊಂಬತ್ತು.

ಅವಳ ಕೈ ಲೇಸಿನ ಮೇಲೆ ನಿಂತಿತು. ಇಪ್ಪತ್ತಲ್ಲ. ಹತ್ತೊಂಬತ್ತು. ಒಂದೇ ಒಂದು ಕಡಿಮೆ. ಅಪ್ಪನ ಬೆನ್ನಿನಲ್ಲಿ ಆ ಒಂದನ್ನು ಎಲ್ಲಿಂದ ಕಿತ್ತರು?

ಕರ್ನಲ್ ಸಹಿ ಹಾಕಲು ಹಾಳೆ ಎಳೆದುಕೊಂಡರು. ತೋಳು ತಗುಲಿ ಪೆನ್ನು ಮೇಜಿನಿಂದ ಉರುಳಿತು. ಬೇಕೆಂದೇ ಬೀಳಿಸಿದ್ದೋ, ತಾನಾಗಿ ಬಿದ್ದದ್ದೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅದು ನೆಲದ ಮೇಲೆ ಉರುಳುತ್ತ ಬಂದು ಅವಳ ಮಂಡಿಗೆ ತಾಗಿ ನಿಂತಿತು. ನೀಲಿ ಬಣ್ಣದ ಪೆನ್ನು, ಬಂಗಾರದ ಬಣ್ಣದ ಕ್ಲಿಪ್ಪು.

ಅವಳ ಬಲಗೈ ಅಲುಗಿತು. ಮೇಲೆ ಅಪ್ಪನ ಭುಜ ಇಳಿಯಿತು. ಅವಳು ಅವನ ಕಾಲಿನ ಗಿಣ್ಣನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಬೇಟೀ" ಎಂದರು ಕರ್ನಲ್. ಬೆರಳು ಕೆಳಕ್ಕೆ ತೋರಿಸಿದರು.

ಅವಳು ಕೈ ಬಿಡಲಿಲ್ಲ.

"ಪೆನ್, ಬೇಟೀ."

"ನೀವೇ ಎತ್ಕೊಳ್ಳಿ, ಸಾರ್."

ಅದು ತನ್ನ ದನಿ ಎಂದು ಅವಳಿಗೇ ತಕ್ಷಣ ಗೊತ್ತಾಗಲಿಲ್ಲ. ಎಡಗಡೆ ಕೂತಿದ್ದ ಚಿಕ್ಕ ಆಫೀಸರಿಗೆ ಕನ್ನಡ ತಿಳಿಯುತ್ತಿತ್ತು. ಅವರು ತಲೆ ಎತ್ತಿದರು. ಏನೆಂದಳು ಎಂದು ಕರ್ನಲ್ ಕೇಳಿದರು. ಚಿಕ್ಕ ಆಫೀಸರು ಹೇಳಲೋ ಬೇಡವೋ ಎಂದು ನೋಡಿ, ಇಂಗ್ಲಿಷಿನಲ್ಲಿ ಹೇಳಿದರು. ಕರ್ನಲ್ ಮುಖ ಕೆಂಪಾಯಿತು.

ಗೋಡೆಯ ಹತ್ತಿರದ ಮುದುಕ ಬಕೆಟ್ಟು ಕೆಳಗಿಟ್ಟು ಬಂದ. ಅವನ ಕೈ ಆಗಲೇ ನೆಲದ ಕಡೆ ಇಳಿಯುತ್ತಿತ್ತು.

"ಭಾಯಿ" ಎಂದ ಅಪ್ಪ. "ನೀನೂ ಎತ್ತಬೇಡ."

ಮುದುಕ ಅಪ್ಪನ ಮುಖ ನೋಡಿದ. ಅರ್ಧ ಬಗ್ಗಿದ್ದವನು ನೆಟ್ಟಗಾದ. ಹೋಗಿ ಬಕೆಟ್ಟಿನ ಪಕ್ಕ ನಿಂತ.

ಅಪ್ಪ ಕುರ್ಚಿಯಿಂದ ಏಳಲಿಲ್ಲ. ಹಿಮ್ಮಡಿ ಜೋಡಿಸಲಿಲ್ಲ. ಕೂತೇ ಹಿಂದಿಯಲ್ಲಿ ಹೇಳಿದ. ಅವನ ಹಿಂದಿ ಅವಳಿಗೆ ಮೊದಲ ಸಲ ಪೂರ್ತಿ ಅರ್ಥವಾಯಿತು.

"ಸಾಬ್, ಆ ಹಾಳೇಲಿ ನಾನು ಹೇಲಕ್ಕೆ ಹೋಗಿ ಬಿದ್ದೆ ಅಂತ ಇದೆ. ನಾನು ಹೇಲಕ್ಕೆ ಹೋಗಿರ್ಲಿಲ್ಲ. ನಿಮ್ಮ ಹೇಲು ಹೊರೋದಕ್ಕೆ ಹೋಗಿದ್ದೆ. ಅದೇ ನನ್ನ ಡ್ಯೂಟಿ. ಬೇರೆ ಡ್ಯೂಟಿ ನನಗೆ ನೀವು ಕೊಡ್ಲೇ ಇಲ್ಲ. ಬಂದೂಕು ಕೊಟ್ರಾ? ಆವತ್ತು ಹಗ್ಗ ಕೇಳ್ದೆ, ಹಗ್ಗ ಕೊಡ್ಲಿಲ್ಲ. ಬಿದ್ದಾಗ ಕೈ ಕೊಡ್ಲಿಲ್ಲ. ಬರೀರಿ, ಇದನ್ನ ಬರೀರಿ. ಆಮೇಲೆ ಹತ್ತೊಂಬತ್ತಾದ್ರೂ ಹಾಕಿ, ಒಂದಾದ್ರೂ ಹಾಕಿ."

"ಇದೆಲ್ಲ ಫೈಲಿನಲ್ಲಿಲ್ಲ" ಎಂದರು ಕರ್ನಲ್.

"ಅದಕ್ಕೇ ಬರೀರಿ ಅಂದಿದ್ದು."

ಫ್ಯಾನು ತಿರುಗುತ್ತಿತ್ತು. ಚಿಕ್ಕ ಆಫೀಸರು ತಮ್ಮ ಜೇಬಿನ ಪೆನ್ನನ್ನು ಮುಟ್ಟಿದರು. ತೆಗೆದು ಕೊಡಲಿಲ್ಲ. ಹಾಳೆ ಮೇಜಿನ ಮೇಲಿತ್ತು. ಹತ್ತೊಂಬತ್ತು ಎಂದು ಬರೆದಾಗಿತ್ತು. ಅದರ ಕೆಳಗೆ ಸಹಿಯ ಜಾಗ ಖಾಲಿ ಇತ್ತು. ಪೆನ್ನು ನೆಲದ ಮೇಲಿತ್ತು.

ಶಾಂತಕುಮಾರಿ ಲೇಸಿನ ಗಂಟು ಹಾಕಿದಳು. ನಿಧಾನವಾಗಿ. ಒಂದು ಕುಣಿಕೆ, ಇನ್ನೊಂದು ಕುಣಿಕೆ, ಎಳೆದು ಬಿಗಿ. ಎದ್ದು ಅಪ್ಪನ ಕಂಕುಳಿಗೆ ಹೆಗಲು ಕೊಟ್ಟಳು. ಅಪ್ಪ ಎದ್ದ. ಇಬ್ಬರೂ ಬಾಗಿಲ ಕಡೆಗೆ ನಡೆದರು. ಸಲ್ಯೂಟು ಹೊಡೆಯಲಿಲ್ಲ. ಹೋಗಲೇ ಎಂದು ಕೇಳಲಿಲ್ಲ.

ಬಾಗಿಲಲ್ಲಿ ಅವಳು ತಿರುಗಿ ನೋಡಿದಳು.

ಕರ್ನಲ್ ಕುರ್ಚಿ ಹಿಂದಕ್ಕೆ ತಳ್ಳಿದ. ಮೇಜು ಸುತ್ತಿಕೊಂಡು ಬಂದ. ಯಾರನ್ನೂ ನೋಡದೆ ಬಗ್ಗಿದ. ಸೊಂಟ ಸಲೀಸಾಗಿ ಮಡಚಿತು. ಮಂಡಿ ನೆಟ್ಟಗೇ ಇತ್ತು. ಮೇಜು ಹಿಡಿಯಲಿಲ್ಲ, ಉಸಿರು ಬಿಗಿಯಲಿಲ್ಲ. ಐದೂ ಬೆರಳು ನೆಲ ಮುಟ್ಟಿದವು.

ಅವಳು ಚೆನ್ನಾಗಿ ನೋಡಿಕೊಂಡಳು. ಸೊನ್ನೆ ಪರ್ಸೆಂಟು.